ಜಾಜಿಗೆ ಬೇಡ ಅನ್ನದ ವರ್ಷ

ಹೋದ ವಾರ ಚೆನ್ನೈಯ ಗಿಂಡಿ ನಿಲ್ದಾಣದಲ್ಲಿ ಮೆಟ್ರೊ ಇಳಿದು ಲೋಕಲ್ ರೈಲಿಗಾಗಿ ಕಾಯುತ್ತಿದ್ದೆ. ಮುಂದೆ ನಿಂತಿದ್ದ ಹೆಂಗಸು ಜಡೆಯ ತುಂಬ ಜಾಜಿ ಮುಡಿದಿದ್ದಳು. ಸಂಜೆ ಆರರ ಬೆವರು, ಬಜ್ಜಿ ಎಣ್ಣೆ, ರೈಲಿನ ಕಬ್ಬಿಣದ ವಾಸನೆ ಎಲ್ಲವನ್ನೂ ಸರಿಸಿಕೊಂಡು ಆ ಹೂವಿನ ಪರಿಮಳ ನನ್ನ ಮೂಗಿಗೆ ಬಂತು. ಯಾರಿಗಾದರೂ ಹಾಯೆನಿಸಬೇಕಾದ ಪರಿಮಳ. ನನಗೆ ಮಾತ್ರ ಮೊದಲು ನಾಚಿಕೆಯಾಯಿತು. ಕ್ರೋಂಪೇಟೆಯ ನಮ್ಮ ಮನೆಯಲ್ಲಿ ಜಾಜಿ ಮೊದಲ ಸಲ ಹೂ ಬಿಟ್ಟ ವರ್ಷ ನಾನು ಹೇಗಿದ್ದೆ ಎಂಬುದು ನೆನಪಾಗಿ, ಬಂದ ರೈಲು ಹತ್ತುವುದನ್ನೂ ಮರೆತು ನಿಂತುಬಿಟ್ಟೆ.

ಅನುಮಾನ ನನಗೆ ಹುಟ್ಟುಗುಣ, ಉದ್ಯೋಗವೂ ಅದೇ. ವಿಮಾ ಕಚೇರಿಯಲ್ಲಿ ಕ್ಲೇಮು ಪರಿಶೀಲಿಸುವ ಕೆಲಸ ನನ್ನದು. ಯಾರಾದರೂ ಕಾಲು ಮುರಿಯಿತು ಎಂದು ಕಾಗದ ಕಳಿಸಿದರೆ, ಅಯ್ಯೋ ಪಾಪ ಎನ್ನುವ ಮೊದಲು ಎಕ್ಸ್‌ರೇ ಮೇಲಿನ ಹೆಸರು ನೋಡುವವಳು ನಾನು. ಸಂಬಳ ಕೊಟ್ಟು ಕಲಿಸಿದ ಬುದ್ಧಿಯನ್ನು ಸಂಜೆ ಚಪ್ಪಲಿಯ ಜೊತೆ ಬಾಗಿಲಲ್ಲಿ ಬಿಟ್ಟು ಒಳಗೆ ಬರಲು ಆಗುತ್ತದೆಯೇ? ಅದೂ ಒಳಗೆ ಬರುತ್ತಿತ್ತು, ನನ್ನ ಜೊತೆ ಊಟಕ್ಕೂ ಕೂರುತ್ತಿತ್ತು.

ತುಮಕೂರಿನಿಂದ ಮದುವೆಯಾಗಿ ಚೆನ್ನೈಗೆ ಬಂದೆ. ಗಂಡ ಪ್ರಸಾದ ಬ್ಯಾಂಕಿನಲ್ಲಿದ್ದಾರೆ. ಮಾವ ರೈಲ್ವೆಯಲ್ಲಿದ್ದವರು, ನಾನು ಬರುವ ಹೊತ್ತಿಗೆ ತೀರಿಕೊಂಡಿದ್ದರು. ಮನೆಯಲ್ಲಿ ಇದ್ದವರು ಅತ್ತೆ ಪದ್ಮಮ್ಮ. ಮೈಸೂರಿನ ಕಡೆಯಿಂದ ನಲವತ್ತು ವರ್ಷದ ಹಿಂದೆ ಬಂದು, ತಮಿಳನ್ನೂ ಕನ್ನಡವನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಮಾತಾಡುವವರು. ಮಹಡಿಯಲ್ಲಿ ಬಾಡಿಗೆಗಿದ್ದ ವಸಂತಾ ಮಾಮಿ ಅವರ ಜೀವದ ಗೆಳತಿ. ಇಬ್ಬರೂ ಮಾತಿಗೆ ಕೂತರೆ ತಮಿಳು ಎಷ್ಟು ಬೇಗ ಓಡುತ್ತಿತ್ತೆಂದರೆ ನನಗೆ ಅರ್ಧ ಮಾತ್ರ ಸಿಗುತ್ತಿತ್ತು. ಉಳಿದರ್ಧವನ್ನು ನಾನೇ ತುಂಬಿಕೊಳ್ಳುತ್ತಿದ್ದೆ. ಅರ್ಧಂಬರ್ಧ ಬರುವ ಭಾಷೆಯಷ್ಟು ಒಳ್ಳೆಯ ಗೊಬ್ಬರ ಅನುಮಾನಕ್ಕೆ ಬೇರೊಂದಿಲ್ಲ.

ಮದುವೆಯಾಗಿ ಏಳನೆಯ ವರ್ಷ ಅದು. ಮಕ್ಕಳಾಗಿರಲಿಲ್ಲ. ಎರಡು ವರ್ಷದ ಹಿಂದೆ ಇಬ್ಬರೂ ಪರೀಕ್ಷೆ ಮಾಡಿಸಿಕೊಂಡಿದ್ದೆವು. ಇಬ್ಬರಲ್ಲೂ ಏನೂ ದೋಷವಿಲ್ಲ, ಕಾಯಿರಿ ಎಂದಿದ್ದರು ಡಾಕ್ಟರು. ದೋಷ ಇದ್ದಿದ್ದರೆ ಅದರ ಮೇಲಾದರೂ ಸಿಟ್ಟು ಮಾಡಬಹುದಿತ್ತು. ಇಲ್ಲ ಎಂದಾಗ ಸಿಟ್ಟಿಗೆ ಜಾಗವೇ ಇಲ್ಲದೆ, ಅದು ಮನೆಯಲ್ಲೆಲ್ಲ ಅಲೆದಾಡುತ್ತಿತ್ತು.

ಹಿತ್ತಿಲಲ್ಲಿ ಒಂದು ಜಾಜಿ ಬಳ್ಳಿ ಇತ್ತು. ವಸಂತಾ ಮಾಮಿ ತಮ್ಮನ ಮನೆಯಿಂದ ತಂದುಕೊಟ್ಟ ಕಡ್ಡಿಯನ್ನು ಅತ್ತೆ ಒಂದು ಆಡಿ ತಿಂಗಳಲ್ಲಿ ನೆಟ್ಟಿದ್ದರು. ಅಡುಗೆಮನೆಯ ಕಿಟಕಿಯ ಪಕ್ಕದಲ್ಲಿ ಚಪ್ಪರ ಹಾಕಿಸಿ, ಅಕ್ಕಿ ತೊಳೆದ ನೀರು, ಹುಳಿ ಮಜ್ಜಿಗೆ, ಕಡಲೆಕಾಯಿ ಹಿಂಡಿ ಎಲ್ಲ ಉಣಿಸಿದರು. ಬಳ್ಳಿ ಚಪ್ಪರ ಹತ್ತಿ, ಕಿಟಕಿಯ ಕಂಬಿ ಹಿಡಿದು, ಮಹಡಿಯ ಮೆಟ್ಟಿಲವರೆಗೂ ಹೋಯಿತು. ಎಲೆಯೋ ಎಲೆ. ಮೂರು ವರ್ಷವಾದರೂ ಒಂದು ಮೊಗ್ಗು ಇಲ್ಲ. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅತ್ತೆ ಬಳ್ಳಿಯ ತುದಿ ತುದಿ ಎತ್ತಿ ನೋಡುತ್ತಿದ್ದರು.

"ಇನ್ನುಮ್ ಒಣ್ಣುಮ್ ಇಲ್ಲಯಾ ಪದ್ಮಾ?" ಎಂದು ಮಾಮಿ ಮೇಲಿನಿಂದ ಕೇಳುವರು. ಇನ್ನೂ ಏನೂ ಇಲ್ಲವಾ ಎಂದು.

"ಏನೂ ಇಲ್ಲ ಮಾಮಿ. ಮೂರು ವರ್ಷ ಆಯ್ತು, ಹಾಕಿದ್ದೆಲ್ಲ ತಿಂದ್ಕೊಂಡು ಜಮ್ಮಂತ ಇದೆ. ಎಷ್ಟು ವಾಟಿ, ಎಷ್ಟು ಸಲ ಹೇಳೋದು ಅದಕ್ಕೆ?"

ಕಿಟಕಿಯ ಒಳಗೆ ದೋಸೆ ಹುಯ್ಯುತ್ತಿದ್ದ ನನ್ನ ಕೈ ನಿಲ್ಲುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವರು ಬಳ್ಳಿಯನ್ನು ಬೈದರೆ ನಾನು ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಏಳು ವರ್ಷದಲ್ಲಿ ಅತ್ತೆ ಮಕ್ಕಳ ಮಾತನ್ನು ನನ್ನೆದುರು ಎತ್ತಿರಲಿಲ್ಲ. ಒಂದು ಸಲವೂ ಇಲ್ಲ. ಬೇರೆ ಸೊಸೆಯಾಗಿದ್ದರೆ ಅದನ್ನು ದೊಡ್ಡ ಗುಣ ಅಂದುಕೊಳ್ಳುತ್ತಿದ್ದಳು. ನಾನು ಅದನ್ನು ಕ್ಲೇಮಿನಲ್ಲಿ ಬೇಕೆಂತಲೇ ಖಾಲಿ ಬಿಟ್ಟ ಕಾಲಂ ಎಂದು ಓದಿದೆ.

ಅದರ ಜೊತೆಗೆ ಫೋನು. ಮನೆಯೊಳಗೆ ಸಿಗ್ನಲ್ ಸರಿಯಾಗಿ ಸಿಗದೆ ಅತ್ತೆ ಹಿತ್ತಿಲಿಗೆ ಹೋಗಿ ಜಾಜಿಯ ಪಕ್ಕ ನಿಂತು ಮಾತಾಡುತ್ತಿದ್ದರು. ಭಾನುವಾರ ತಪ್ಪದೆ ಮೈಸೂರಿನಿಂದ ಅವರ ಅಕ್ಕ ಸರೋಜಮ್ಮನ ಕರೆ ಬರುತ್ತಿತ್ತು. ಉಪ್ಪಿನಕಾಯಿ, ಮಂಡಿನೋವು, ಮದುವೆ ಸುದ್ದಿ ಎಲ್ಲ ಗಟ್ಟಿಯಾಗಿ ಕೇಳುತ್ತಿತ್ತು. ಆಮೇಲೆ ಒಂದು ಹಂತದಲ್ಲಿ ಅತ್ತೆ ಅಡುಗೆಮನೆಯ ಕಿಟಕಿಯ ಕಡೆ ನೋಡಿ, ಬೆನ್ನು ತಿರುಗಿಸಿ, ದನಿ ಇಳಿಸುತ್ತಿದ್ದರು. ನಾನು ಮಿಕ್ಸಿ ಆರಿಸಿದರೆ ಅವರು ಮಾತು ನಿಲ್ಲಿಸುವರು. ನಾನು ಮಿಕ್ಸಿ ಹಾಕಿದರೆ ಮತ್ತೆ ಶುರು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಆ ವರ್ಷ ಐಪ್ಪಸಿ ತಿಂಗಳ, ಅಂದರೆ ದೀಪಾವಳಿ ಹೊತ್ತಿನ ಮಳೆ ಜೋರಾಗಿತ್ತು. ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತು ಎರಡು ದಿನ ಕಚೇರಿಗೆ ಹೋಗಲಾಗಲಿಲ್ಲ. ಮನೆಯಲ್ಲಿ ಕೂತು ಅತ್ತೆಯ ಮೇಲೆ ಕಣ್ಣಿಡುವುದೇ ಕೆಲಸವಾಯಿತು. ನೀರಿಳಿದ ಮೇಲೆ ಮೈಸೂರಿನಿಂದ ಒಂದು ಪಾರ್ಸೆಲ್ ಬಂತು. ಬಿಚ್ಚಿ ನೋಡಿದರೆ ದೊಡ್ಡ ಸೀಸೆಯಲ್ಲಿ ಅಶ್ವಗಂಧದ ಲೇಹ್ಯ. ಮೇಲೆ ಸರೋಜಮ್ಮನ ಕೈಬರಹದಲ್ಲಿ 'ಪ್ರಸಾದನಿಗೆ, ದಿನಾ ರಾತ್ರಿ ಹಾಲಿನಲ್ಲಿ' ಎಂದಿತ್ತು. ನನಗೆ ಏನೂ ಇರಲಿಲ್ಲ.

"ದೊಡ್ಡಮ್ಮನಿಗೆ ನನ್ನ ಮೇಲೆ ಎಷ್ಟು ಪ್ರೀತಿ ನೋಡು," ಎಂದು ಇವರು ಚಮಚ ನೆಕ್ಕಿದರು. "ಚೆನ್ನಾಗಿದೆ, ಖರ್ಜೂರ ಹಾಕಿದಾರೆ ಅನ್ಸುತ್ತೆ."

ನಾನು ಲೆಕ್ಕ ಹಾಕಿದೆ. ಮಕ್ಕಳಾಗದ್ದಕ್ಕೆ ಮದ್ದು ಕಳಿಸುವುದಾದರೆ ಹೆಂಗಸಿಗೆ ಕಳಿಸುತ್ತಾರೆ, ಲೋಕದ ರೂಢಿ ಅದು. ನನ್ನನ್ನು ಬಿಟ್ಟು ಗಂಡಿಗೆ ಪುಷ್ಟಿ ಮಾಡುತ್ತಿದ್ದಾರೆ ಎಂದರೆ ನನ್ನ ಆಸೆ ಬಿಟ್ಟಿದ್ದಾರೆ, ಇನ್ನೊಂದು ಹಸೆಮಣೆಗೆ ಅವರನ್ನು ತಯಾರು ಮಾಡುತ್ತಿದ್ದಾರೆ. ಈಗ ಬರೆಯುವಾಗ ನಗು ಬರುತ್ತದೆ. ಆಗ ಬೆವರು ಬಂದಿತ್ತು. ಕಾಮಾಲೆ ಕಣ್ಣಿಗೆ ಲೇಹ್ಯವೂ ಹಳದಿ. ಅವರು ನನ್ನನ್ನು ಮನೆಯಿಂದ ಕಳಿಸುವ ಮೊದಲು ನಾನೇ ಹೋಗಬೇಕು ಎಂದು ತುಮಕೂರು ಶಾಖೆಗೆ ವರ್ಗಾವಣೆ ಕೇಳಿ ಒಂದು ಅರ್ಜಿ ಬರೆದು ಕೈಚೀಲದಲ್ಲಿ ಇಟ್ಟುಕೊಂಡೆ. ತಾರೀಖು ಮಾತ್ರ ಹಾಕಿರಲಿಲ್ಲ.

ಮಾರ್ಗಳಿಯ, ನಮ್ಮ ಧನುರ್ಮಾಸದ, ಒಂದು ಭಾನುವಾರ. ಚೆನ್ನೈಯಲ್ಲಿ ಚಳಿ ಎಂದು ಹೇಳಿಕೊಳ್ಳಬಹುದಾದ ನಾಲ್ಕು ವಾರಗಳಲ್ಲಿ ಒಂದು ಬೆಳಿಗ್ಗೆ. ಅತ್ತೆ ತಲೆಗೆ ಸ್ನಾನ ಮಾಡಿ, ಟವಲ್ ಸುತ್ತಿಕೊಂಡು, ತೆಂಗಿನಕಾಯಿ ಒಡೆಯುವ ಮಚ್ಚು ಹಿಡಿದು ಹಿತ್ತಿಲಲ್ಲಿ ನಿಂತಿದ್ದರು.

"ಸವಿತಾ, ಬಾರೇ ಇಲ್ಲಿ. ಒಂದು ಸಣ್ಣ ಕೆಲಸ. ಇದಕ್ಕೆ ಹೆದರಿಸಬೇಕು. ನಾನು ಕಡೀತೀನಿ ಅಂತೀನಿ, ನೀನು ಕೈ ಹಿಡ್ಕೊಂಡು ಬೇಡ ಅನ್ನು. ಅಷ್ಟೆ."

ಈ ಪದ್ಧತಿ ನನಗೂ ಗೊತ್ತಿತ್ತು. ನಮ್ಮ ಕಡೆಯೂ ಕಾಯಿ ಕೊಡದ ಮಾವಿಗೆ, ಹಲಸಿಗೆ ಹೀಗೆ ಮಾಡುತ್ತಾರೆ. ಒಬ್ಬರು ಮಚ್ಚು ಹಿಡಿದು ಬುಡಕ್ಕೆ ತಟ್ಟಿ ಈ ಸಲ ಕಡಿದೇ ಹಾಕುತ್ತೇನೆ ಎನ್ನಬೇಕು. ಇನ್ನೊಬ್ಬರು ಅಡ್ಡ ಬಂದು ಬೇಡ, ಬರುವ ವರ್ಷ ಕೊಡುತ್ತದೆ, ಅದಕ್ಕೆ ನಾನು ಜವಾಬ್ದಾರಿ ಎನ್ನಬೇಕು. ಹೆದರಿದ ಮರ ಫಲ ಕೊಡುತ್ತದಂತೆ. ಆದರೆ ಗಿಡದ ಮುಂದೆ ಆಡಿದ ಮಾತು ಪೊಳ್ಳಾಗಬಾರದು. ಯಾರೂ ಬೇಡ ಅನ್ನದಿದ್ದರೆ ಮಚ್ಚು ಹಿಡಿದವರು ಕಡಿಯಲೇಬೇಕು. ಹಾಗಾಗಿಯೇ ಬೇಡ ಅನ್ನುವವರನ್ನು ಮೊದಲೇ ಗೊತ್ತು ಮಾಡಿಕೊಂಡಿರುತ್ತಾರೆ.

ಇವರು ಮೆಟ್ಟಿಲ ಮೇಲೆ ಪೇಪರ್ ಓದುತ್ತಿದ್ದರು. ಮಾಮಿ ಮಹಡಿಯಿಂದ ಬಗ್ಗಿ ನೋಡುತ್ತಿದ್ದರು. ಸಭೆ ಸೇರಿಸಿಯೇ ಶುರು ಮಾಡಿದ್ದಾರೆ ಎಂದುಕೊಂಡೆ.

ಅತ್ತೆ ಮಚ್ಚಿನ ಹಿಂಬದಿಯಿಂದ ಬುಡಕ್ಕೆ ತಟ್ಟಿದರು. "ಏನೇ? ಬಂದು ಇಷ್ಟು ವರ್ಷ ಆಯ್ತು. ನೀರು ಹಾಕಿದ್ವಿ, ನೆರಳು ಕೊಟ್ವಿ, ಒಂದು ದಿನ ಬೈಲಿಲ್ಲ. ಒಂದು ಹೂವಾದ್ರೂ ಬಿಟ್ಯಾ? ನಿನ್ನ ನೋಡಿ ನೋಡಿ ನನಗೆ ವಯಸ್ಸಾಯ್ತು. ಇವತ್ತು ಕಡಿದೇ ಬಿಡ್ತೀನಿ!"

ಎಲ್ಲರೂ ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯಲಿಲ್ಲ.

"ಚುಮ್ಮಾ, ಸುಮ್ನೆ ನಿಂತ್ಯಲ್ಲೇ, ಬೇಡ ಅನ್ನು," ಎಂದು ಅತ್ತೆ ಮೆಲ್ಲಗೆ ಹೇಳಿ, ಮತ್ತೆ ತಟ್ಟಿದರು. "ಕಡಿದೇ ಬಿಡ್ತೀನಿ!"

"ಕಡೀರಿ," ಎಂದೆ.

"ಏನಂದೆ?"

"ಕಡೀರಿ ಅತ್ತೆ. ಫಲ ಕೊಡದ್ದನ್ನ ಮನೇಲಿ ಯಾಕೆ ಇಟ್ಕೋಬೇಕು? ಬುಡಕ್ಕೆ ಕಡಿದು ಹಾಕಿ. ಬೇರೆ ತಂದು ನೆಡಿ. ನಿಮಗೂ ಅದೇ ತಾನೆ ಬೇಕಾಗಿರೋದು?"

ಇವರು ಪೇಪರ್ ಬಿಟ್ಟು ಎದ್ದರು. ಮಾಮಿ ಮಹಡಿಯಿಂದ ಏನೋ ಅಂದರು. ಅತ್ತೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಅವರಿಗೆ ಅರ್ಥವಾಗಿದೆ ಎಂದು ನನಗೆ ಗೊತ್ತಾಯಿತು, ಅದಕ್ಕೆ ಖುಷಿಯೂ ಆಯಿತು. ಆಮೇಲೆ ಅವರು ತಿರುಗಿ ನಿಜವಾಗಿಯೇ ಕಡಿದರು. ಮೂರು ಏಟಿಗೆ ಅರ್ಧ ಬಳ್ಳಿ ಚಪ್ಪರದಿಂದ ಕಳಚಿ ಬಿತ್ತು. ಮೊಣಕಾಲೆತ್ತರದ ನಾಲ್ಕು ಕಡ್ಡಿ ಉಳಿಸಿ, ಮಚ್ಚು ತೊಳೆದಿಟ್ಟು ಒಳಗೆ ಹೋದರು. ಆ ದಿನ ಅತ್ತೆ ಊಟ ಮಾಡಲಿಲ್ಲ. ನಾನು ಎರಡು ಸಲ ಅನ್ನ ಹಾಕಿಸಿಕೊಂಡೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅಲ್ಲಿಂದ ಮನೆಯಲ್ಲಿ ಮಾತು ಕಮ್ಮಿಯಾಯಿತು. ಉಪ್ಪು, ಹಾಲು, ಗ್ಯಾಸ್ ಇಷ್ಟೇ. ಇವರು ನನ್ನನ್ನು ಕೇಳಿದರು, "ಅಮ್ಮ ಗಿಡಕ್ಕೆ ಹೇಳಿದ್ದು ನೀನ್ಯಾಕೆ ಮೈಮೇಲೆ ಎಳ್ಕೊಂಡೆ?" ನಿಮಗೆ ಎಲ್ಲ ಗೊತ್ತಿದ್ದೂ ನಟಿಸಬೇಡಿ ಎಂದೆ. ಅವರಿಗೆ ಏನೂ ಗೊತ್ತಿರಲಿಲ್ಲ. ಪಾಪ, ಹಾಲಿನಲ್ಲಿ ಲೇಹ್ಯ ಕದಡಿಕೊಂಡು ಕುಡಿದು ಮಲಗಿದರು.

ಮಾಸಿ ತಿಂಗಳ ಹೊತ್ತಿಗೆ, ಶಿವರಾತ್ರಿಯ ಸುಮಾರಿಗೆ, ಆ ನಾಲ್ಕು ಕಡ್ಡಿಗಳಿಂದ ಕೆಂಪು ಚಿಗುರು ಹೊರಟಿತು. ಸತ್ತಿಲ್ಲ ಎಂದು ನನಗೆ ನಿಜ ಹೇಳಬೇಕೆಂದರೆ ಸಿಟ್ಟೇ ಬಂತು. ಮುಂದಿನ ತಿಂಗಳು ಪಂಗುಣಿ ದಾಟುವಷ್ಟರಲ್ಲಿ ಚಿಗುರಿನ ತುದಿ ತುದಿಯಲ್ಲಿ ಮೊಗ್ಗು. ತೆಳ್ಳಗೆ, ಉದ್ದಕ್ಕೆ, ಬೆನ್ನಿಗೆ ಸ್ವಲ್ಪ ಗುಲಾಬಿ ಬಣ್ಣ. ಮಾಮಿ ಕೆಳಗಿಳಿದು ಬಂದು ಕೈ ತಟ್ಟಿದರು. ಅವರ ಊರಿನಲ್ಲಿ ಜಾಜಿ ತೋಟ ಮಾಡುವವರು ಮಾರ್ಗಳಿಯಲ್ಲಿ ಬಳ್ಳಿಯನ್ನು ಬುಡದ ಹತ್ತಿರಕ್ಕೆ ಸವರುತ್ತಾರಂತೆ, ಸವರದಿದ್ದರೆ ಬರೀ ಎಲೆಯಂತೆ. "ಇಷ್ಟು ವರ್ಷ ನನಗೇ ನೆನಪಾಗಲಿಲ್ಲ ನೋಡು," ಎಂದು ತಮಿಳಿನಲ್ಲಿ ತಲೆ ಚಚ್ಚಿಕೊಂಡರು. ಹೆದರಿಕೆಗೆ ಬಿಟ್ಟ ಹೂವಲ್ಲ, ಕತ್ತರಿಗೆ ಬಿಟ್ಟ ಹೂವು. ನಾವು ಮೂರು ವರ್ಷ ಪ್ರೀತಿಯಿಂದ ನೀರು ಹಾಕಿ ಕೆಡಿಸಿದ್ದೆವು.

ಜಾಜಿ ಮೊಗ್ಗನ್ನು ಸಂಜೆ ಬಿರಿಯುವ ಮೊದಲು ನಾಲ್ಕು ಗಂಟೆಗೇ ಬಿಡಿಸಬೇಕು. ಅತ್ತೆ ಬಿಡಿಸಿ, ಕಟ್ಟಿ, ದೇವರಿಗೆ ಒಂದು ಮೊಳ, ಮಾಮಿಗೆ ಒಂದು ಮೊಳ ಕೊಟ್ಟು, ನನ್ನ ಪಾಲನ್ನು ಬಾಳೆ ಎಲೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಇಡುತ್ತಿದ್ದರು. ನಾನು ಕಚೇರಿಯಿಂದ ಬಂದಾಗ "ಹೂವಿದೆ" ಎನ್ನುವರು. ಮನೆಯಿಂದ ಹೊರಗೆ ಕಳಿಸುವ ಹೆಣ್ಣಿಗೂ ಹೂ ಮುಡಿಸಿ ಕಳಿಸುವುದು ಮರ್ಯಾದೆ ತಾನೆ ಎಂದುಕೊಂಡೆ. ನಾನು ಆ ಪೊಟ್ಟಣ ಬಿಚ್ಚಲೇ ಇಲ್ಲ. ಅದು ಅಲ್ಲೇ ಕಂದು ಬಣ್ಣಕ್ಕೆ ತಿರುಗುತ್ತಿತ್ತು, ಅತ್ತೆ ಮರುದಿನ ಮಾತಿಲ್ಲದೆ ತೆಗೆದು ಹಾಕುತ್ತಿದ್ದರು.

ಅದರ ಮುಂದಿನ ಚಿತ್ತಿರೈ ತಿಂಗಳ ಬಿಸಿಲಿನಲ್ಲಿ ಸರೋಜಮ್ಮನ ಮೊಮ್ಮಗನ ಮದುವೆ ಬಂತು. ಹುಡುಗಿಯ ಕಡೆಯವರು ನಮ್ಮ ಪಕ್ಕದ ತಾಂಬರದವರು, ಅಲ್ಲೇ ಛತ್ರ. ಮೈಸೂರಿನ ಬಳಗವೆಲ್ಲ ಇಳಿದಿತ್ತು. ನಾನು ಯುದ್ಧಕ್ಕೆ ಹೋಗುವವಳ ಹಾಗೆ ಸೀರೆ ಉಟ್ಟುಕೊಂಡು ಹೋದೆ. ಯಾವ ಹುಡುಗಿಯನ್ನು ಇವರಿಗೆ ತೋರಿಸುತ್ತಾರೋ ಎಂದು ಪ್ರತಿ ಲಂಗದಾವಣಿಯ ಮೇಲೂ ಕಣ್ಣಿಟ್ಟಿದ್ದೆ. ಹುಡುಗಿಯರು ಯಾರೂ ಇವರ ಹತ್ತಿರ ಸುಳಿಯಲಿಲ್ಲ. ಮುದುಕರು ಸುಳಿದರು. ಒಬ್ಬರು ಭುಜ ತಟ್ಟಿದರು, ಇನ್ನೊಬ್ಬರು ಬಾದಾಮಿ ಹಾಲಿನ ಎರಡನೇ ಲೋಟ ಕೊಟ್ಟು "ಧೈರ್ಯ ಬಿಡಬೇಡಪ್ಪ" ಎಂದರು. ಇವರು, ಆ ವರ್ಷ ತಮಗೆ ಬ್ಯಾಂಕಿನಲ್ಲಿ ಬಡ್ತಿ ತಪ್ಪಿದ್ದು ಊರಿಗೆಲ್ಲ ತಿಳಿದಿದೆ ಎಂದುಕೊಂಡು ತಲೆಯಾಡಿಸುತ್ತಿದ್ದರು.

ಊಟ ಮುಗಿದು ಕೈ ತೊಳೆಯುವ ಕಡೆ ಸರೋಜಮ್ಮ ನನ್ನನ್ನು ಹಿಡಿದರು. ಒದ್ದೆ ಕೈಯಿಂದಲೇ ನನ್ನ ಕೆನ್ನೆ ಸವರಿದರು.

"ಬಂಗಾರದಂಥ ಹುಡುಗಿ ಕಣೆ ನೀನು. ಬೇರೆ ಯಾರಾಗಿದ್ರೂ ಬಿಟ್ಟು ಹೋಗಿರ್ತಿದ್ರು."

"ಯಾಕೆ ದೊಡ್ಡಮ್ಮ?"

"ನಿನ್ನೆದುರಿಗೆ ಆಡಬೇಡ ಅಂತ ಪದ್ಮ ಆಣೆ ಇಟ್ಟಿದಾಳೆ. ನನ್ನ ಬಾಯಿ ತಡೀಬೇಕಲ್ಲ! ದೋಷ ನಮ್ಮ ಹುಡುಗನದ್ದೇ ಅಂತ ಡಾಕ್ಟ್ರು ಬರೆದುಕೊಟ್ಟಿದಾರಂತಲ್ಲ. ಎರಡು ವರ್ಷ ಆಯ್ತು ಅವಳು ಹೇಳಿ. ವಾರವಾರ ಕೇಳ್ತೀನಿ, ಏನಾದ್ರೂ ಗುಣ ಕಾಣ್ತಾ ಅಂತ. ಅವನು ಲೇಹ್ಯ ತಿಂತಿದಾನಾ?"

ನಾನು ತಿಂತಿದ್ದಾರೆ ಎಂದೆ.

ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ? ಮನೆಗೆ ಬಂದು ಮೊದಲು ಮಾಡಿದ ಕೆಲಸ ಬೀರುವಿನಿಂದ ಆಸ್ಪತ್ರೆಯ ಫೈಲ್ ತೆಗೆದದ್ದು. ಇವರು ನಿಜವಾದ ಕಾಗದ ನನಗೆ ತೋರಿಸದೆ ಮುಚ್ಚಿಟ್ಟಿರಬಹುದೇ ಎಂದು ಪ್ರತಿ ಹಾಳೆ, ಪ್ರತಿ ಸಹಿ ನೋಡಿದೆ. ಎಲ್ಲ ಸರಿಯಾಗಿತ್ತು. ಇಬ್ಬರಲ್ಲೂ ದೋಷವಿಲ್ಲ. ಅಂದರೆ ಸುಳ್ಳು ಹೇಳಿದವರು ಅತ್ತೆ. ಹೆತ್ತ ಮಗನ ಮೇಲೆ.

ಅತ್ತೆ ಆಗಲೇ ಮದುವೆ ಸೀರೆ ಬದಲಿಸಿ ಹಿತ್ತಿಲಲ್ಲಿ ಮೊಗ್ಗು ಬಿಡಿಸುತ್ತಿದ್ದರು. ಹೋಗಿ ಪಕ್ಕದಲ್ಲಿ ನಿಂತೆ.

"ದೊಡ್ಡಮ್ಮ ಎಲ್ಲ ಹೇಳಿದ್ರು."

ಅವರ ಕೈ ನಿಲ್ಲಲಿಲ್ಲ. "ಅವಳ ಬಾಯಿಗೆ ಬೀಗ ಎಲ್ಲಿದೆ."

"ಯಾಕೆ ಅತ್ತೆ ಸುಳ್ಳು ಹೇಳಿದ್ರಿ? ಅದೂ ಇವರ ಮೇಲೆ?"

"ಮತ್ತೇನು ಹೇಳ್ಲಿ? ಇಬ್ಬರೂ ಸರಿಯಿದಾರೆ ಅಂದೆ ಮೊದಲು. ಮೈಸೂರಿನವರು ನಂಬಿದ್ರಾ? ಹಾಗಾದ್ರೆ ಸೊಸೇದೇ ಏನೋ ಇದೆ, ಮುಚ್ಚಿಡ್ತಿದೀರಿ ಅಂದ್ರು. ನಂಜನಗೂಡಿನಲ್ಲಿ ಒಂದು ಹುಡುಗಿ ಇದೆ ಅಂತ ಫೋಟೋನೂ ಕಳಿಸಿದ್ರು." ಅತ್ತೆ ಮೊಗ್ಗನ್ನು ಸೆರಗಿಗೆ ಹಾಕಿಕೊಂಡರು. "ನಿನ್ನದು ದೋಷ ಅಂದ್ರೆ ನಾಳೆ ಇನ್ನೊಂದು ಹುಡುಗಿ ಹುಡುಕ್ತಾರೆ. ಅವನದು ಅಂದ್ರೆ ನಿನಗೆ ಇನ್ನೊಂದು ಗಂಡು ಹುಡುಕ್ತಾರಾ? ಬಾಯಿ ಮುಚ್ಕೊಂಡು ಲೇಹ್ಯ ಕಳಿಸ್ತಾರೆ."

"ಆವತ್ತು ಮಚ್ಚು ಹಿಡಿದು ನನಗೇ ಹೇಳ್ತಿದೀರಿ ಅಂದ್ಕೊಂಡಿದ್ದೆ."

"ಗೊತ್ತಾಯ್ತು ಅದು. ನೋಡು, ಬಳ್ಳಿಗೆ ಹೇಳಿದ್ದು ಬಳ್ಳಿಗೆ. ನಿನಗೆ ಹೇಳೋದಿದ್ರೆ ನಿನ್ನ ಮುಖಕ್ಕೇ ಹೇಳ್ತಿದ್ದೆ. ನನಗೇನು ನಿನ್ನ ಕಂಡ್ರೆ ಭಯವಾ?" ಆಮೇಲೆ ದನಿ ಬದಲಾಗಿ ಕೇಳಿದರು. "ನೀನು ಹಾಗಂದೆಯಲ್ಲ, ಫಲ ಕೊಡದ್ದನ್ನ ಇಟ್ಕೋಬಾರದು ಅಂತ. ಏಳು ವರ್ಷ ಜೊತೇಲಿದ್ದು ನನ್ನನ್ನ ಅಂಥವಳು ಅಂದ್ಕೊಂಡ್ಯಾ?"

ಅಂದುಕೊಂಡಿದ್ದೆ. ಒಂದು ಬಳ್ಳಿಯ ಪರವಾಗಿ ಬೇಡ ಎನ್ನುವ ಎರಡಕ್ಷರ ಹೇಳಲು ನನಗೆ ಆಗಿರಲಿಲ್ಲ. ಅವರು ನನ್ನ ಪರವಾಗಿ ಎರಡು ವರ್ಷ ಭಾನುವಾರ ತಪ್ಪದೆ ಅಡ್ಡ ನಿಂತಿದ್ದರು. ಕೈಚೀಲದ ಅರ್ಜಿಯನ್ನು ಅವತ್ತೇ ಹರಿದು ಹಾಕಿದೆ.

ನಾಲ್ಕು ದಿನ ಕಳೆದು ಭಾನುವಾರ ಸರೋಜಮ್ಮನ ಫೋನ್ ಬಂತು. ಅತ್ತೆ ಅಭ್ಯಾಸದಂತೆ ಹಿತ್ತಿಲಿಗೆ ಹೋದರು. ನಾನೂ ಹಿಂದೆಯೇ ಹೋದೆ. ಬೆಂಗಳೂರಿನಲ್ಲಿ ಗಂಡಸರಿಗೆಂದೇ ಒಬ್ಬ ಡಾಕ್ಟರ್ ಇದ್ದಾನೆ, ಪ್ರಸಾದನನ್ನು ಕಳಿಸು ಎಂದು ಅಲ್ಲಿಂದ ದನಿ ಕೇಳುತ್ತಿತ್ತು. ಅತ್ತೆ ಫೋನಿಗೆ ಅಂಗೈ ಮುಚ್ಚಿ, "ಏನು ಹೇಳ್ಲಿ?" ಎಂದು ನನ್ನನ್ನು ಕೇಳಿದರು. ನಾನು ಕೈ ಚಾಚಿದೆ. ಅನುಮಾನದಿಂದಲೇ ಕೊಟ್ಟರು.

"ದೊಡ್ಡಮ್ಮ, ನಾನು ಸವಿತಾ. ಇವರಲ್ಲೂ ದೋಷ ಇಲ್ಲ, ನನ್ನಲ್ಲೂ ಇಲ್ಲ. ಮಕ್ಕಳಾಗಲಿಲ್ಲ, ಅಷ್ಟೆ. ನನ್ನನ್ನ ಈ ಮನೇಲಿ ಉಳಿಸ್ಕೊಳ್ಳೋಕೆ ಅತ್ತೆ ಸುಳ್ಳು ಹೇಳಿದ್ರು. ಇನ್ಮೇಲೆ ಈ ವಿಷಯ ಕೇಳೋದಿದ್ರೆ ನನಗೇ ಫೋನ್ ಮಾಡಿ, ಅವರಿಗೆ ಬೇಡ."

ಆ ಕಡೆಯಿಂದ ಫೋನ್ ಕುಯ್ಯೆಂದು ಕಟ್ಟಾಯಿತು. ಅತ್ತೆ ಫೋನ್ ಕಿತ್ತುಕೊಂಡು, ನಿಜವಾಗಿ ಕಟ್ಟಾಗಿದೆಯೇ ಎಂದು ಎರಡು ಸಲ ನೋಡಿದರು.

"ಎರಡು ವರ್ಷ ಕಷ್ಟಪಟ್ಟು ನಿಲ್ಲಿಸಿದ್ದನ್ನ ಎರಡು ನಿಮಿಷದಲ್ಲಿ ಕೆಡವಿದೆಯಲ್ಲೇ! ಒಂದು ಸುಳ್ಳನ್ನ ಕಾಪಾಡೋಕೂ ಬರಲ್ಲ ನಿನಗೆ. ಇಂಥವಳನ್ನ ಕಟ್ಕೊಂಡು ನಾನು ಹೆಂಗೆ ಬಾಳ್ಲಿ?"

ನನಗೆ ನಗು ಬಂತು. ಆ ಮನೆಗೆ ಬಂದ ಏಳು ವರ್ಷದಲ್ಲಿ, ಅವರ ಮಾತಿಗೆ ಬೇರೊಂದು ಅರ್ಥ ಹುಡುಕದೆ ನಾನು ಕೇಳಿಸಿಕೊಂಡದ್ದು ಅದೇ ಮೊದಲು.